ಗಂಟಿಗೆ ಎರಡನೇ ಸಹಿ

ನಮ್ಮ ಕನ್ನಡ ಸಂಘದ ಎಂಟು ಕಾಲೇಜು ಮಕ್ಕಳನ್ನು ಬಂಡೆ ಹತ್ತಿಸಿ, ಒಬ್ಬರ ಮೊಣಕೈಗೂ ಗೀರು ಬೀಳದಂತೆ ಮನೆ ಸೇರಿಸುತ್ತೇನೆಂದು ತುಂಬಿದ ಸಭೆಯಲ್ಲಿ ಶಪಥ ಮಾಡಿದೆ. ಭೀಷ್ಮ ಕೂಡ ಅಷ್ಟು ಗಟ್ಟಿಯಾಗಿ ಕೂಗಿರಲಾರ!

ಇದು ಎಂಬತ್ತೇಳನೇ ಇಸವಿಯ ಮಾತು. ನಾನಾಗ ವಿಶಾಖಪಟ್ಟಣದಲ್ಲಿ ಬ್ಯಾಂಕಿನ ಅಕೌಂಟೆಂಟ್. ತಿಜೋರಿಯ ಒಂದು ಕೀಲಿ ಮ್ಯಾನೇಜರ ಬಳಿ, ಇನ್ನೊಂದು ನನ್ನ ಬಳಿ. ಇಬ್ಬರೂ ಸೇರದೆ ಅದು ತೆರೆಯದು. ಆ ಕಾನೂನನ್ನೇ ಬಂಡೆಗೂ ಹೇರಿದೆ. ಹಗ್ಗದ ಗಂಟು ಒಬ್ಬರು ಹಾಕಬೇಕು, ಇನ್ನೊಬ್ಬರು ಪರೀಕ್ಷಿಸಬೇಕು, ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಮಾಡಬೇಕು. ಎರಡನೇ ಸಹಿ ಬೀಳದೆ ಯಾರ ಕಾಲೂ ನೆಲ ಬಿಡಕೂಡದು!

ಎಂಟು ಜನರಲ್ಲಿ ನಮ್ಮ ಮಗಳು ಗಿರಿಜಾಳೂ ಒಬ್ಬಳು. ಪಾಪ, ಮೂರು ತಿಂಗಳಿಂದ ಈ ದಿನಕ್ಕಾಗಿ ಜಪ ಮಾಡುತ್ತಿದ್ದಳು. ನನ್ನ ಹೆಂಡತಿ ಸುಲೋಚನಾ ಮಾತ್ರ ಒಪ್ಪಲಿಲ್ಲ.

"ನಾನೂ ಬರ್ತೀನಿ. ಒಂದು ಗಂಟು ಸಡಿಲ ಕಂಡ್ರೂ ಅವಳನ್ನ ಕರ್ಕೊಂಡು ವಾಪಸ್ಸು," ಎಂದಳು. ಆಗಲಿ ಎಂದು ಮಾತು ಕೊಟ್ಟೆ.

ಕೊಡೆಯಡಿ ಕೂತು ಸುಮ್ಮನೆ ಗೀಚಲಿ ಎಂದು ಎರಡನೇ ಸಹಿಯ ಅಧಿಕಾರವನ್ನು ಅವಳಿಗೇ ದಯಪಾಲಿಸಿದೆ. ಆಕೆ ಬಾವಿಯಿಂದ ನೀರು ಸೇದಿ ಬೆಳೆದವಳು, ಕೊಡಕ್ಕೆ ಗಂಟು ಹಾಕುವುದರಲ್ಲಿ ಊರಿಗೇ ಹೆಸರಾದವಳು ಎಂಬುದು ನನಗೆ ಮರೆತೇ ಹೋಗಿತ್ತು.

ಭಾನುವಾರ ಬೆಳಿಗ್ಗೆ ಪೆಂಡುರ್ತಿಯಾಚೆಯ ಬಂಡೆಯ ಬುಡದಲ್ಲಿ ಇಳಿದೆವು. ಬಂಡೆ ಹತ್ತುವುದನ್ನು ಕಲಿಸುವ ಜಗನ್ಮೋಹನ್ ಎಲ್ಲರಿಗೂ ಗಂಟು ಹೇಳಿಕೊಟ್ಟರು. ನಾನು ಆಗ ರಿಜಿಸ್ಟರಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವ ಮಹತ್ಕಾರ್ಯದಲ್ಲಿದ್ದೆ. ಸುಲೋಚನಾ ಪಾಠ ಕೇಳಿದಳು, ಒಂದೊಂದು ಗಂಟನ್ನೂ ಜಗ್ಗಿ ನೋಡಿದಳು, ಎರಡನ್ನು ಬಿಚ್ಚಿಸಿ ಮತ್ತೆ ಹಾಕಿಸಿದಳು. ಆಮೇಲೇ ಸಹಿ.

ಇಷ್ಟಾದ ಮೇಲೆ ಸಂಘಟಕನ ಭಾಷಣ ಬೇಡವೇ? ಮೇಲಿನಿಂದ ಇಳಿಬಿಟ್ಟಿದ್ದ ಹಗ್ಗವನ್ನು ನಾನೇ ಸೊಂಟದ ಪಟ್ಟಿಗೆ ಕಟ್ಟಿಕೊಂಡೆ. ಒಮ್ಮೆ ನೋಡಲೇ ಸಾರ್ ಎಂದು ಜಗನ್ಮೋಹನ್ ತೆಲುಗಿನಲ್ಲಿ ಕೇಳಿದರು. ಪರವಾಲೇದು ಎಂದು ಕೈಯಾಡಿಸಿದೆ.

"ಅಪ್ಪಾ, ನಿಮ್ಮ ಗಂಟಿಗೆ ಅಮ್ಮನ ಸಹಿ ಇಲ್ಲ," ಎಂದಳು ಗಿರಿಜಾ.

"ಕಾನೂನು ಮಾಡಿದವನೇ ನಾನಮ್ಮ," ಎಂದು ಎರಡನೇ ಕಾಲಮಿನಲ್ಲೂ 'ಸುಲೋಚನಾ ಪರವಾಗಿ' ಎಂದು ನಾನೇ ಸಹಿ ಜಡಿದೆ. ಹಗ್ಗವನ್ನು ನಂಬಿ ಹೀಗೆ ಹಿಂದಕ್ಕೆ ಒರಗಬೇಕು ಮಕ್ಕಳೇ ಎನ್ನುತ್ತಾ ಗಾಂಭೀರ್ಯದಿಂದ ಒರಗಿದೆ.

ಗಂಟು ಬಿಚ್ಚಿಕೊಂಡಿತು. ಹಿಂದೆ ಹನ್ನೊಂದು ಜನರ ಪುಳಿಯೋಗರೆಯ ಪಾತ್ರೆ ಬಾಯಿ ತೆರೆದು ಕಾದಿತ್ತು. ನಾನು ಅದರಲ್ಲಿ ಪ್ರತಿಷ್ಠಾಪನೆಗೊಂಡೆ!

ಸುಲೋಚನಾ ಹಗ್ಗದ ತುದಿ ಎತ್ತಿ, ಇದು ಯಾವ ಗಂಟು ಎಂದು ಕೇಳಿದಳು. ಏನೆಂದು ಹೇಳಲಿ? ಜನ್ಮದಲ್ಲಿ ನನಗೆ ಬರುವುದು ಒಂದೇ ಗಂಟು, ಪೈಜಾಮದ ಲಾಡಿಯದು. ಅದನ್ನೇ ಎಲ್ಲರೆದುರು ಒಪ್ಪಿಕೊಂಡೆ. ಅವಳು ತಲೆಯೆತ್ತಿ ಬಂಡೆ ನೋಡಿದಳು. ನಾನೂ ನೋಡಿದೆ. ಮೂವತ್ತು ಅಡಿ. ಅಲ್ಲಿಂದ ಬಿಚ್ಚಿಕೊಂಡಿದ್ದರೆ? ನನ್ನ ಸಹಿ ನಂಬಿ ಒಂದು ಮಗು ಹತ್ತಿದ್ದರೆ? ನಿಜ ಹೇಳುತ್ತೇನೆ, ಪುಳಿಯೋಗರೆಯಲ್ಲಿ ಕೂತೇ ಆ ಎರಡನೇ ಸಹಿಯನ್ನು ಹೊಡೆದುಹಾಕಿದೆ.

ಗಿರಿಜಾ ಆಗಲೇ ಕಣ್ಣು ತುಂಬಿಕೊಂಡು ಹೆಲ್ಮೆಟ್ ತೆಗೆಯುತ್ತಿದ್ದಳು. ಕೊಟ್ಟ ಮಾತು ಮಾತೇ. ನಡೀರಿ ಮನೆಗೆ ಎಂದೆ.

"ಅವಳ್ಯಾಕೆ ಬರ್ಬೇಕು? ಅವಳ ಗಂಟು ನಾನು ನೋಡಿದ್ದೀನಿ," ಎಂದ ಸುಲೋಚನಾ ಕೊಡೆಯನ್ನು ನನ್ನ ಕೈಗೆ ತುರುಕಿದಳು. "ಸಡಿಲ ಇದ್ದದ್ದು ನಿಮ್ಮದು. ನೀವು ಇದರಡಿ ಕೂತ್ಕೊಳ್ಳಿ."

ಮಕ್ಕಳು ಬಾಳೆಹಣ್ಣು ತಿಂದು ಸಂಜೆಯವರೆಗೆ ಹತ್ತಿದರು, ಇಳಿದರು. ಒಬ್ಬರಿಗೂ ಗೀರಿಲ್ಲ. ಶಪಥ ನೆರವೇರಿತೆಂದು ನಾನು ಒಳಗೊಳಗೇ ಬೀಗಿದೆ.

ಮರುದಿನ ಬೆಳಿಗ್ಗೆ ಹಾಲು ತರಲು ಚೀಲ ಹಿಡಿದು ಗೇಟು ದಾಟಿದ್ದೆ. ಅಕ್ಕಪಕ್ಕದ ಮನೆಯವರೆಲ್ಲ ಹೊರಗಿದ್ದರು. ಜಗುಲಿಯಿಂದ ಗಿರಿಜಾಳ ದನಿ ಬೀದಿಗೆಲ್ಲ ಕೇಳಿಸಿತು:

"ಅಮ್ಮಾ, ಅಪ್ಪ ಪೈಜಾಮದಲ್ಲಿ ಹೊರಗೆ ಹೊರಟಿದ್ದಾರೆ. ಎರಡನೇ ಸಹಿ ಆಗಿದ್ಯಾ?"