ಐದು ದೇಶಗಳ ಡೊಳ್ಳು

ಡೊಳ್ಳನ್ನು ಬೆಳಗಾವಿಗೆ ಕಳಿಸಿದ್ದೇ ಕರೆಪ್ಪ ಮಾಡಿದ ತಪ್ಪು. ಐದು ದೇಶದವರು ಅಲ್ಲಿ ಕೂತು, ಎಲ್ಲರಿಗೂ ಸೇರಿ ಒಂದೇ ಸಂಸ್ಕೃತಿ ನೀತಿ ಬರೆಯುತ್ತಾರೆ, ಎದುರಿಗಿಡಲು ಹಳೆಯ ವಾದ್ಯವೊಂದು ಬೇಕು ಎಂದು ಅಧಿಕಾರಿ ಪರಾಗ ಫೋನು ಮಾಡಿದ್ದ. ಕರೆಪ್ಪ ಹಿಂದೆಮುಂದೆ ನೋಡದೆ, ಖಾನಾಪುರದ ಸೋದರಮಾವ ಗುರುಪುತ್ರಪ್ಪನ ಡೊಳ್ಳನ್ನು ಟೆಂಪೊಗೆ ಹಾಕಿಬಿಟ್ಟ. ಮರುದಿನ ಬೆಳಿಗ್ಗೆ ಮಾವ ತೀರಿಕೊಂಡ.

ಡೊಳ್ಳು ಕಲಿಸಿದ ಹಿರಿಯ ಸತ್ತರೆ ಅವನದೇ ಡೊಳ್ಳನ್ನು ಮುಂದೆ ಬಾರಿಸದೆ ಆ ಮನೆತನದಲ್ಲಿ ಹೆಣ ಎತ್ತುವುದಿಲ್ಲ.

"ಹೊತ್ತು ಮುಣುಗೂದ್ರಾಗ ತಗೊಂಡ್ ಬಾ," ಎಂದಳು ಅತ್ತೆ ಪದ್ಮವ್ವ. "ಸತ್ತಾನಂತ ಅಲ್ಲಿ ಬಾಯಿ ಬಿಡಬ್ಯಾಡ. ಸೂತಕದಾಂವ ಅಂತ ಒಳಗ ಬಿಡೂದಿಲ್ಲ."

ಬೆಳಗಾವಿಯಲ್ಲಿ ಸಭೆಯ ಬಾಗಿಲಲ್ಲೇ ಪರಾಗ ಕರೆಪ್ಪನನ್ನು ತಡೆದ.

"ಸಾಹೇಬ್ರ, ಮಾವ ಡೊಳ್ಳ ಕೇಳ್ಯಾನ್ರಿ."

"ಈಗ ಹೆಂಗ ಕೊಡೂದ್ರಿ ಕರೆಪ್ಪ? ಇದು ಯಾರ ಸಂಸ್ಕೃತಿ ಅಂತ ಇನ್ನೂ ಠರಾವ್ ಆಗಿಲ್ಲ."

"ನಮ್ಮ ಮಾವಂದ್ರಿ."

"ಅದನ್ನ ಐದೂ ದೇಶ ಒಪ್ಪಬೇಕಲ್ರಿ."

ಒಂದು ದೇಶದವರು ಇಂಥದ್ದು ತಮ್ಮಲ್ಲೇ ಮೊದಲು ಹುಟ್ಟಿದ್ದು ಎಂದರು. ಇನ್ನೊಂದು ದೇಶದವರು ಆಡಿನ ಚರ್ಮ ನೋಡಿ ಮೂಗು ಮುಚ್ಚಿಕೊಂಡರು. ಉಳಿದವರು ಕುಂದಾ ತಿಂದು ತೂಕಡಿಸಿದರು. ಕೆಟ್ಟು ನಿಂತ ಬಸ್ಸಿನ ಪ್ರಯಾಣಿಕನ ಹಾಗೆ ಕರೆಪ್ಪ ಗೋಡೆಗೆ ಒರಗಿ ನಿಂತಿದ್ದ. ಹೆಂಡತಿ ರೇಣವ್ವ ಮೇಲಿಂದ ಮೇಲೆ ಫೋನು ಮಾಡುತ್ತಿದ್ದಳು.

"ಮಂದಿ ಕೂಡ್ಯಾರ. ಮಾವನ ಬುಡಕ ಇಟ್ಟ ಐಸ್ ಕರಗಾಕತ್ತೈತಿ. ಅಲ್ಲಿ ಏನ್ ನಡದೈತ್ರಿ?"

"ಸಂಸ್ಕೃತಿ ಉಳಸಾಕತ್ತಾರ. ತಡಿ."

ಮಧ್ಯಾಹ್ನ ದಾಟಿದ ಮೇಲೆ ಮೊದಲ ಕಲಮು ಪಾಸಾಯಿತು: ಕಲಾವಿದ ಕೇಳಿದ ಕೂಡಲೇ ಅವನ ವಾದ್ಯ ಅವನಿಗೆ. ಪರಾಗ ಓಡಿಬಂದು ಡೊಳ್ಳಿನ ಹಗ್ಗವನ್ನು ಕರೆಪ್ಪನ ಹೆಗಲಿಗೆ ಹಾಕಿದ. ಬೆಳಗಿನಿಂದ ತಡೆದಿದ್ದ ಅಳು ಆಗಲೇ ಬರಬೇಕೆ? ಕರೆಪ್ಪ ಹೋ ಎಂದು ಅತ್ತ.

"ಯಾಕ್ರೀ, ವಾಪಸ್ ಕೊಟ್ಟೇವಲ್ಲ?"

"ಮಾವ ಸತ್ತಾನ್ರಿ ಸಾಹೇಬ್ರ."

ಪರಾಗ ಅದನ್ನು ಸಭೆಗೆ ತಿಳಿಸಿದ. ಐದೂ ದೇಶದವರು ಎದ್ದು ಮೌನವಾಗಿ ನಿಂತರು. ಇಡೀ ದಿನದಲ್ಲಿ ಅವರು ಜಗಳವಿಲ್ಲದೆ ಮಾಡಿದ ಕೆಲಸ ಅದೊಂದೇ. ಅದೇ ಹುರುಪಿನಲ್ಲಿ ಎರಡನೇ ಕಲಮನ್ನೂ ಪಾಸು ಮಾಡಿದರು: ಕಲಾವಿದ ತೀರಿಕೊಂಡರೆ ಅವನ ವಾದ್ಯ ಐದೂ ದೇಶಗಳ ಆಸ್ತಿ.

ಪರಾಗ ತಲೆ ತಗ್ಗಿಸಿ ಕರೆಪ್ಪನ ಹೆಗಲಿನ ಹಗ್ಗ ಬಿಚ್ಚಿದ.

"ಬೇಕಾದ್ರ ನನ್ನೂ ಹೂಳ್ರಿ, ಡೊಳ್ಳ ಕೊಡ್ರಿ," ಎಂದು ಕರೆಪ್ಪ ಅವನ ಕೈ ಹಿಡಿದ. ಸಭೆಯವರು ಅವನಿಗೆ ಶಾಲು ಹೊದಿಸಿ, ನೆನಪಿನ ಕಾಣಿಕೆಯ ಡಬ್ಬಿ ಕೊಟ್ಟು, ಆಟೋ ಹತ್ತಿಸಿದರು.

ಹೊತ್ತು ಮುಳುಗುವಾಗ ಖಾನಾಪುರದಲ್ಲಿ, ಎಲ್ಲರ ಎದುರು, ಕರೆಪ್ಪ ಡಬ್ಬಿ ತೆರೆದ. ಒಳಗೆ ನಿಂಬೆಹಣ್ಣಿನಷ್ಟು ದೊಡ್ಡ ಪ್ಲಾಸ್ಟಿಕ್ ಡೊಳ್ಳು. ಯಾರೂ ನಗಲಿಲ್ಲ. ಶಾಲನ್ನು ಹೆಣಕ್ಕೆ ಹೊದಿಸಿದರು. ಕರೆಪ್ಪ ಮುಂದೆ ನಿಂತು, ಡೊಳ್ಳನ್ನು ಅಂಗೈಯಲ್ಲಿಟ್ಟುಕೊಂಡು ಉಗುರಿನಿಂದ ಬಾರಿಸಿದ. ಟಕ್, ಟಕ್.

ಹಿಂದಿನಿಂದ ಪದ್ಮವ್ವ ಅಂದಳು:

"ಜೋರ್ ಬಾರಸೋ ಕರೆಪ್ಪ. ನಿಮ್ಮ ಮಾವಗ ಮೊದಲೇ ಕಿವಿ ಮಂದ."