ಸೊಂಟಕ್ಕೆ ಸೋನಾಮಸೂರಿ

"ಮುಂದಿನ ತಿಂಗಳು ದೇವದುರ್ಗಕ್ಕ ಹೋಗ್ತೀನಿ. ಮೊಮ್ಮಗಳನ್ನ ಹೆಗಲ ಮ್ಯಾಲ ಕೂಡಿಸ್ಕೊಂಡು ಇಡೀ ಬಜಾರ ತಿರುಗಿಸ್ತೀನಿ. ಇಲ್ಲಾಂದ್ರ ನನ್ನ ಹೆಸರು ಬಸವಲಿಂಗಪ್ಪ ಅಲ್ಲ!"

ಮಾನ್ವಿಯ ಅಕ್ಕಿ ಮಿಲ್ಲಿನ ಮಾಲೀಕರಾದ ಬಸವಲಿಂಗಪ್ಪನವರು ಈ ಭೀಷ್ಮಪ್ರತಿಜ್ಞೆ ಮಾಡಿದ್ದು ಮಂಚದ ಮೇಲೆ ಅಂಗಾತ ಮಲಗಿ. ಎದ್ದು ನಿಂತು ಎದೆ ತಟ್ಟಿಕೊಂಡು ಮಾಡಬೇಕೆಂಬ ಆಸೆ ಅವರಿಗೂ ಇತ್ತು. ಸೊಂಟ ಒಪ್ಪಲಿಲ್ಲ.

"ಮೊದಲು ಎದ್ದು ಚಾ ಕುಡೀರಿ. ಹೆಸರು ಆಮ್ಯಾಲ ಬದಲಿ ಮಾಡೋಣಂತ," ಎಂದರು ಹೆಂಡತಿ ಶರಣಮ್ಮ.

ಸೊಂಟನೋವು ಅವರ ಮನೆಗೆ ಬಂದು ವರ್ಷಗಳೇ ಆಗಿದ್ದವು. ಬಂದ ನೆಂಟರು ಒಂದು ದಿನ ಹೋಗುತ್ತಾರೆ, ಇದು ಹೋಗುವ ಮಾತೇ ಆಡಲಿಲ್ಲ. ಗಿಲ್ಲೆಸುಗೂರಿನ ಎಣ್ಣೆ ತಿಕ್ಕಿದರು, ಕುರ್ಡಿಯ ಪಟ್ಟು ಹಾಕಿದರು, ರಾಯಚೂರಿನ ಇಂಜೆಕ್ಷನ್ ಚುಚ್ಚಿಸಿಕೊಂಡರು. ಎಣ್ಣೆಗೆ ಹಾಸಿಗೆ ಹಾಳಾಯಿತು, ಪಟ್ಟಿಗೆ ಚರ್ಮ ಸುಲಿಯಿತು, ಸೊಂಟ ಮಾತ್ರ ತನ್ನ ಪಟ್ಟು ಬಿಡಲಿಲ್ಲ!

ಅದನ್ನೆಲ್ಲ ಅವರು ನುಂಗಿಕೊಂಡಿದ್ದರು. ನುಂಗಲಾಗದ ಮಾತು ಬಂದದ್ದು ಮೂರು ವರ್ಷದ ಮೊಮ್ಮಗಳು ದೇವಿಕಾಳ ಬಾಯಿಂದ. ಮಗಳು ವಿಜಯಲಕ್ಷ್ಮಿಯ ಜೊತೆ ಮಾನ್ವಿಗೆ ಬಂದಾಗ ಕೂಸು ಎರಡೂ ಕೈ ಮೇಲೆತ್ತಿ, "ತಾತಾ, ಎತ್ಕೋ!" ಎಂದಿತು. ಇವರು ಬಗ್ಗಿದರು, "ಅಯ್ಯಯ್ಯಪ್ಪೋ!" ಎಂದು ಗೋಡೆ ಹಿಡಿದರು. ಕೂಸು ತಾತನನ್ನು ಮೇಲಿಂದ ಕೆಳಗಿನ ತನಕ ನೋಡಿ, ಅವ್ವನಿಗೆ ವರದಿ ಒಪ್ಪಿಸಿತು: "ಯವ್ವಾ, ಮಾನ್ವಿ ತಾತ ಕೆಟ್ಟು ಹೋಗ್ಯಾನ. ದೇವದುರ್ಗದ ತಾತ ಛಲೋ ಅದಾನ."

ದೇವದುರ್ಗದ ತಾತ ಅಂದರೆ ಬೀಗರಾದ ಸಿದ್ರಾಮಪ್ಪ. ಆರಡಿ ಆಳು. ಮೊಮ್ಮಗಳನ್ನು ದಿನಾ ಹೆಗಲ ಮೇಲೆ ಮೆರೆಸಿ, ಫೋಟೋ ತೆಗೆಸಿ, ಬೆಳಿಗ್ಗೆ ಆರು ಗಂಟೆಗೇ ವಾಟ್ಸಾಪಿನಲ್ಲಿ ಕಳಿಸುವವರು. ಬಸವಲಿಂಗಪ್ಪನವರಿಗೆ ಸೊಂಟಕ್ಕಿಂತ ಆ ಫೋಟೋಗಳೇ ಹೆಚ್ಚು ನೋಯುತ್ತಿದ್ದವು. ಕೂಸಿನ ಹುಟ್ಟುಹಬ್ಬ ಬರುವ ತಿಂಗಳಿತ್ತು. ಅಷ್ಟರೊಳಗೆ ರಿಪೇರಿ ಆಗಲೇಬೇಕು!

ರಾಯಚೂರಿನ ಫಿಸಿಯೋಥೆರಪಿ ಡಾಕ್ಟರಮ್ಮ ನೇತ್ರಾವತಿ ಹೊಸ ಚಿಕಿತ್ಸೆ ಹೇಳಿದರು. ಸೊಂಟಕ್ಕೆ ಬೆಲ್ಟು ಕಟ್ಟಿ, ಅದರ ಹಗ್ಗವನ್ನು ಕಾಲ ಕಡೆಗೆ ಗಡಗಡಿ ರಾಟೆಯ ಮೇಲೆ ಹಾಯಿಸಿ, ತುದಿಗೆ ಹತ್ತು ಕೆಜಿ ತೂಕ ತೂಗುಬಿಟ್ಟು, ದಿನಾ ಅರ್ಧ ತಾಸು ಅಂಗಾತ ಮಲಗುವುದು. "ಬಗ್ಗಬ್ಯಾಡ್ರಿ, ಭಾರ ಎತ್ತಬ್ಯಾಡ್ರಿ, ಆ ತೂಕ ಸಹಿತ ನೀವು ಮುಟ್ಟಬ್ಯಾಡ್ರಿ. ಏನರ ಫರಕ್ ಅನ್ನಿಸಿದ್ರ ಫೋನ್ ಮಾಡ್ರಿ. ಕಬ್ಬಿಣದ ತೂಕ ಅಂಗಡಿಯಾಗ ಸಿಗ್ತಾವ."

"ತೂಕ ಕೊಳ್ಳೋದಾ? ನಾ?" ಬಸವಲಿಂಗಪ್ಪನವರ ಮೀಸೆ ನಿಮಿರಿತು. "ಮಂದಿಗೆ ತೂಗಿ ಕೊಡೋ ವಂಶ ನಮ್ದು. ಮಿಲ್ಲಿನ ಮಾಲಕ ಬಜಾರದಾಗ ತೂಕ ಕೊಂಡ ಅಂದ್ರ ಮರ್ಯಾದಿ ಉಳೀತದೇನ್ರಿ?"

ಮನೆಗೆ ಬಂದವರೇ ಮಿಲ್ಲಿನ ಫಿಟರ್ ಜಿಲಾನಿ ಪಾಷಾನನ್ನು ಕರೆಸಿ, ಹಳೇ ಬಾವಿಯ ಗಡಗಡಿಯನ್ನು ಮಂಚದ ಕಾಲ್ದೆಸೆಗೆ ಕೂಡಿಸಿದರು. ಪಾಷಾ ತಲೆ ಕೆರೆದುಕೊಂಡ. "ಯಜಮಾನ್ರ, ಇದು ಕೊಡ ಜಗ್ಗೋ ಗಡಗಡಿ. ಮನುಷ್ಯಾರನ್ನ ಜಗ್ಗಿದ್ದು ನಾ ನೋಡಿಲ್ಲ."

"ನೋಡ್ತಿ ಬಿಡು!"

ತೂಕಕ್ಕೆ ಮಿಲ್ಲಿನಿಂದ ಬಂತು, ಎರಡು ವರ್ಷದ ಹಳೇ ಸೋನಾಮಸೂರಿ, ಸರಿಯಾಗಿ ಹತ್ತು ಕೆಜಿ, ಬಿಳೀ ಬಟ್ಟೆಯ ಚೀಲದಲ್ಲಿ. ಶರಣಮ್ಮ ಚೀಲದ ಬಾಯಿ ಬಿಚ್ಚಿ ಮೂಸಿದರು. ಅವರ ಕಣ್ಣು ತುಂಬಿ ಬಂತು.

ಯಾಕೆಂದರೆ ಆ ಮನೆಯ ಒಂದು ಸಂಗತಿ ನಿಮಗೆ ಹೇಳಲೇಬೇಕು. ಮಾನ್ವಿ ತಾಲೂಕಿಗೆಲ್ಲ ಅಕ್ಕಿ ಕಾಣಿಸುವ ಮಾಲೀಕರ ಮನೆಯಲ್ಲಿ ಉಣ್ಣುತ್ತಿದ್ದದ್ದು ನುಚ್ಚು! ಮಿಲ್ಲಿನಲ್ಲಿ ಮುರಿದು ಉಳಿದ ಅಕ್ಕಿನುಚ್ಚು. "ಇಡೀ ಅಕ್ಕಿ ಮಾರಾಕ, ಮುರುಕು ಮನೀಗೆ," ಎಂಬುದು ಮಾಲೀಕರ ಧರ್ಮ. ಶರಣಮ್ಮ ಸೊಸೆಯಾಗಿ ಬಂದಾಗಿನಿಂದ ನೆಂಟರ ಮನೆಗೆ ಹೋದಾಗ ಮಾತ್ರ ಉದುರುದುರು ಅನ್ನ ಕಂಡವರು.

"ಹೊಟ್ಟಿಗೆ ನುಚ್ಚು, ನಡಕ್ಕ ಹಳೇ ಅಕ್ಕಿ!" ಎಂದರು ಶರಣಮ್ಮ.

"ಯಾರ ನಡ ಅದು? ಮಾಲಕನ ನಡ!" ಎಂದು ಇವರು ಮಲಗಿದರು.

ಮೊದಲ ದಿನ ಚೀಲ ತೂಗುಬಿಟ್ಟದ್ದೇ ತಡ, "ಶಿವಾ! ನಡ ಕಿತ್ತು ಕಾಲಿಗೆ ಬಂತು!" ಎಂದು ಕೂಗಿದರು. ಮೂರನೆಯ ದಿನಕ್ಕೆ ಕೂಗು ನರಳಿಕೆಯಾಯಿತು. ವಾರ ಕಳೆಯುವಷ್ಟರಲ್ಲಿ ಮಲಗಿದಲ್ಲೇ ವಚನ ಹಾಡತೊಡಗಿದರು. ಎರಡು ವಾರಕ್ಕೆ ಗೊರಕೆಯೇ ಬಂತು!

"ಶರಣೀ, ಚೀಲ ಕಟ್ಟೀಯೋ ಇಲ್ಲೋ? ಹೂವಿನ ಹಾರ ತೂಗುಬಿಟ್ಟಂಗ ಅದ!"

"ಕಟ್ಟೀನ್ರಿ. ನಿಮ್ಮ ಶಕ್ತಿ ಹೆಚ್ಚಾಗಾಕತ್ತದ."

ಅದಕ್ಕಿಂತ ದೊಡ್ಡ ಸಾಕ್ಷಿ ಊಟದ ತಾಟಿನಲ್ಲೇ ಸಿಕ್ಕಿತು. ಅನ್ನ ಘಮಘಮ! ತುತ್ತು ಬಾಯಿಗಿಟ್ಟರೆ ಕರಗುತ್ತಿತ್ತು. "ನೋಡು, ನೋವು ಹೋತು ಅಂದ್ರ ನಾಲಗಿಗೆ ರುಚಿ ಬರ್ತದಂತ. ಅದೇ ನುಚ್ಚು, ಈಗ ಅಮೃತ ಆಗ್ಯದ!" ಎಂದು ಮೂರನೇ ಸಲ ಬಡಿಸಿಕೊಂಡರು. ಶರಣಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಪತಿಯ ಆರೋಗ್ಯ ಕಂಡು ಆನಂದಬಾಷ್ಪ ಅಂದುಕೊಂಡರು ಇವರು!

"ಡಾಕ್ಟರಮ್ಮಗ ಒಂದು ಫೋನ್ ಹಚ್ರಿ," ಎಂದರು ಶರಣಮ್ಮ ಒಳಗಿನಿಂದಲೇ.

"ಗೆದ್ದ ಪೈಲ್ವಾನ ಅಖಾಡ ಬಿಟ್ಟು ಡಾಕ್ಟರ್ ಕಡೆ ಹೋಗ್ತಾನೇನು? ನಡೀ ದೇವದುರ್ಗಕ್ಕ!"

ಬೆಲ್ಟು, ಗಡಗಡಿ, ಚೀಲ ಎಲ್ಲವೂ ಜೀಪು ಹತ್ತಿದವು. ಬೀಗರಿಗೆ ತೋರಿಸಬೇಕಲ್ಲ! ಚೀಲ ಮಾತ್ರ ಎಂದಿನಂತೆ ಶರಣಮ್ಮನೇ ಹೊತ್ತರು. ಅದನ್ನು ಮುಟ್ಟಬಾರದೆಂದು ಡಾಕ್ಟರಮ್ಮನ ಅಪ್ಪಣೆಯಿತ್ತು. ಅದೊಂದನ್ನು ಮಾತ್ರ ಮಾಲೀಕರು ಚಾಚೂ ತಪ್ಪದೆ ಪಾಲಿಸಿದ್ದರು.

ದೇವದುರ್ಗದ ಮನೆಯಂಗಳದಲ್ಲಿ ಹುಟ್ಟುಹಬ್ಬಕ್ಕೆ ಜನ ಸೇರಿತ್ತು. ಬಸವಲಿಂಗಪ್ಪನವರು ಧೋತರದ ಕಚ್ಚೆ ಬಿಗಿದು, "ಬೀಗರ, ಮೊಬೈಲ್ ತಗೀರಿ. ಇವತ್ತಿನ ಫೋಟೋ ನಂದು!" ಎಂದು ಗುಡುಗಿದರು. ದೇವಿಕಾ ಕೈಯೆತ್ತಿದಳು. ಇವರು ಬಗ್ಗಿದರು, ಹಿಡಿದರು, "ಹರ ಹರ!" ಎಂದು ಎತ್ತಿದರು.

ಕಟ್!

ಕೂಸು ಸಾವಕಾಶ ನೆಲಕ್ಕಿಳಿಯಿತು. ತಾತ ಮಾತ್ರ ಮೇಲೇಳಲಿಲ್ಲ. ಕೈ ಮೊಣಕಾಲ ಮೇಲೆ, ಬೆನ್ನು ನೆಲಕ್ಕೆ ಸಮ, ಕಣ್ಣು ಬೀಗರ ಚಪ್ಪಲಿಯ ಮೇಲೆ!

"ಯಾರೂ ಅಂಜಬ್ಯಾಡ್ರಿ," ಎಂದರು ಚಪ್ಪಲಿಗೆ. "ನನ್ನ ಚಿಕಿತ್ಸಿ ಸಾಮಾನು ತರ್ರಿ. ಹತ್ತು ಕೆಜಿ ಚೀಲ ಹುಷಾರು! ಇಬ್ಬರು ಹಿಡೀರಿ!"

ಸಿದ್ರಾಮಪ್ಪ ಚೀಲ ತಂದರು. ಕಿರುಬೆರಳಿನಲ್ಲಿ!

"ಬೀಗರ, ಇದರಾಗ ಒಂದು ಬೊಗಸಿ ಅಕ್ಕಿ ಸುದ್ದಾ ಇಲ್ಲಲ್ರಿ?"

ಅಂಗಳವೆಲ್ಲ ಶರಣಮ್ಮನ ಕಡೆ ತಿರುಗಿತು. ತಿರುಗಲಾಗದವರು ಒಬ್ಬರೇ.

"ದಿನಾ ಅಡಿಗಿಗೆ ತಗೊಂಡೆ," ಎಂದರು ಶರಣಮ್ಮ, ಅಳುಕಿಲ್ಲದೆ. "ಹಗುರ ಆಗಾಕತ್ತದ ಅಂತ ನೀವೇ ಅಂದ್ರಿ. ನಾ ಸುಳ್ಳು ಅಂದೆನೇನು? ಚಿಕಿತ್ಸಿ ನಡಕ್ಕ ಹತ್ತಲಿಲ್ಲ, ಹೊಟ್ಟಿಗೆ ಹತ್ತಿತು. ಮೂರು ಮೂರು ಸಲ ಬಡಿಸ್ಕೊಂಡು ಉಂಡ್ರಿ."

ಅಂಗಳ ಗೊಳ್ಳೆಂದಿತು. ಬಸವಲಿಂಗಪ್ಪನವರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಲವಂತೂ ಮುಖದ ಹತ್ತಿರವೇ ಇತ್ತು. ಮೊಮ್ಮಗಳ ಮುಂದೆಯೇ ಇದಾಯಿತಲ್ಲ ಎಂದು ಅವರಿಗೆ ನಿಜವಾಗಿಯೂ ಅಳು ಬಂತು.

ಅಷ್ಟರಲ್ಲಿ ಬೆನ್ನ ಮೇಲೆ ಏನೋ ಹತ್ತಿತು. ಎರಡು ಪುಟ್ಟ ಕೈ ಕೊರಳು ತಬ್ಬಿದವು.

"ದೇವದುರ್ಗದ ತಾತನ ಮ್ಯಾಲ ಕುಂತ್ರ ಅಂಜಿಕಿ ಬರ್ತದ, ಬಾಳ ಎತ್ತರ," ಎಂದಿತು ಕೂಸು. "ಮಾನ್ವಿ ತಾತ ರಿಪೇರಿ ಆಗ್ಯಾನ! ಟುರ್ರ್... ನಡೀ ತಾತಾ!"

ಸಿದ್ರಾಮಪ್ಪನ ಮುಖ ಇಷ್ಟು ಸಣ್ಣದಾಯಿತು. ಮೊಬೈಲು ತೆಗೆದು, ಮನಸ್ಸಿಲ್ಲದ ಮನಸ್ಸಿನಿಂದ ಫೋಟೋ ಒತ್ತಿದರು.

"ಇಳಿ ಯವ್ವಾ, ತಾತನ ನಡ ಮುರೀತದ," ಎಂದು ಶರಣಮ್ಮ ಕೈ ಚಾಚಿದರು.

"ಇರಲಿ ಬಿಡು," ಎಂದರು ಬಸವಲಿಂಗಪ್ಪನವರು, ಮೂಗಿನ ತುದಿಗೆ ಬಂದ ಕಣ್ಣೀರನ್ನು ಒರೆಸಿಕೊಳ್ಳಲೂ ಆಗದೆ. "ಹಗುರ ಅದಾಳ."

"ಸಾಕ್ ಮಾಡ್ರಿ! ಇನ್ನ ಮ್ಯಾಲ ನೀವು ಹಗುರ ಅಂದ್ರ ನಾ ತಕ್ಕಡಿ ತರ್ತೀನಿ."

ಮಾಲೀಕರು ನೆಲ ನೋಡುತ್ತಲೇ, ಬೀಗರಿಗೆ ಕೇಳದಷ್ಟು ಮೆಲ್ಲಗೆ ಅಂದರು: "ಶರಣೀ... ನಾಳಿಂದ ಚೀಲದಾಗ ನುಚ್ಚು ತುಂಬು. ಹಳೇ ಅಕ್ಕಿ ಅಡಿಗಿ ಮನಿಗೆ ಕಳಿಸ್ತೀನಿ."

"ಈಗ ನೋಡ್ರಿ," ಎಂದರು ಶರಣಮ್ಮ, ಇಡೀ ಅಂಗಳಕ್ಕೆ ಕೇಳುವಂತೆ, "ಚಿಕಿತ್ಸಿ ಹತ್ತಿತು!"