ಆಷಾಢದಲ್ಲಿ ಪರ್ಮನೆಂಟು

ಹರಿಹರದ ನಾಗರಾಜಪ್ಪ ತಮ್ಮ ಹಾಸಿಗೆ ಅಂಗಡಿಯನ್ನು ದಾವಣಗೆರೆಯ ಪಿ.ಜೆ. ಬಡಾವಣೆಗೆ ತಂದರು. ಹೆಸರೂ ಹೊಸದು, ವೆಬ್‌ಸೈಟೂ ಹೊಸದು. ಹಳೇ ಸೈಟಿಗೆ ಬಂದ ಗಿರಾಕಿಯನ್ನು ಹೊಸದಕ್ಕೆ ದಾಟಿಸುವುದೊಂದೇ ಬಾಕಿ. ಐದು ನಿಮಿಷದ ಕೆಲಸ; ಆದರೆ ಆ ದಾಟಿಸುವಿಕೆ ಟೆಂಪರರಿಯೋ ಪರ್ಮನೆಂಟೋ ಎಂದು ಆರಿಸಬೇಕು. ಅದಕ್ಕೆಂದು ಬೆಳಿಗ್ಗೆ ಹತ್ತಕ್ಕೆ ಬಂದ, ಯೂಟ್ಯೂಬಿನಲ್ಲೂ ಇದನ್ನೇ ಕಲಿಸುವ ವೆಬ್‌ಸೈಟ್ ಹಾಲಸ್ವಾಮಿ ಮಧ್ಯಾಹ್ನ ಎರಡಾದರೂ ಎದ್ದಿರಲಿಲ್ಲ. ಸುತ್ತ ಮೂವತ್ತು ಹಾಸಿಗೆ ಇದ್ದೂ ಅವನ ನಿದ್ದೆ ಹಾರಿಹೋಗಿತ್ತು.

ಹಾಲಸ್ವಾಮಿ ಹೇಳಿದ್ದನ್ನೇ ಹೇಳುತ್ತಿದ್ದ: “ಟೆಂಪರರಿ ಹಾಕಿದ್ರೆ, ಇವ್ರು ವಾಪಸ್ ಹೋಗೋರು ಅಂತ ಗೂಗಲ್ಲು ಹಳೇ ವಿಳಾಸಾನೇ ಹಿಡ್ಕೊಂಡು ಕೂಡ್ತೈತ್ರಿ. ಪರ್ಮನೆಂಟ್ ಹಾಕಿದ್ರೆ ಸರ್ಚಿನಾಗಿನ ಒಂಬತ್ತು ವರ್ಷದ ಫಸ್ಟ್ ನಂಬರು ಹೊಸದಕ್ಕೆ ಬರ್ತೈತೆ. ಮದುವೆ ಸೀಜನ್ನು ಮುಂದೈತೆ. ನಂಬರ್ ಹೋದ್ರೆ ಬೈಸ್ಕೊಳ್ಳೋನು ನಾನು!”

“ಆಷಾಢದಾಗ ಪರ್ಮನೆಂಟಾ?” ನಾಗರಾಜಪ್ಪನವರ ತಾಯಿ ಮರುಳಸಿದ್ದಮ್ಮ ಗಲ್ಲದ ಮೇಲೆ ಕೈಯಿಟ್ಟರು. “ಶ್ರಾವಣ ಬರ್ಲಿ. ಅಲ್ಲೀತನಕ ಟೆಂಪರರಿ ಇರ್ಲಿ ಬಿಡಪ್ಪ.”

“ಗೂಗಲ್ಲಿಗೆ ಪಂಚಾಂಗ ಓದಿ ಹೇಳೋರು ಯಾರಮ್ಮ?” ಹಾಲಸ್ವಾಮಿಯ ಮುಖ ಒಗ್ಗರಣೆಗೆ ಬಿದ್ದ ಮೆಣಸಿನಕಾಯಿಯಂತಾಯಿತು.

ಪಕ್ಕದ ಟೈಲರ್ ಮಸ್ತಾನಸಾಬ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ನುಗ್ಗಿದ. “ಮೊದ್ಲು ಕಚ್ಚಾ ಹೊಲಿಗೆ ಹಾಕ್ರಿ ಸಾವ್ಕಾರ್ರೆ, ಆಮೇಲೆ ಪಕ್ಕಾ.”

“ಇದು ಬ್ಲೌಸಲ್ಲ, ಮಸ್ತಾನ್ ಭಾಯ್!” ಎಂದು ಗುಡುಗಿದ ಹಾಲಸ್ವಾಮಿ ಮರುಳಸಿದ್ದಮ್ಮನ ಕಡೆ ತಿರುಗಿದ. “ಹಂಗಾದ್ರೆ ಅಂಗಡಿ ಮಾತ್ರ ಆಷಾಢದಾಗ ಯಾಕ ತಂದ್ರಿ?”

“ನಾವೇನು ದಡ್ಡರಾ? ಜ್ಯೇಷ್ಠದಾಗೇ ಒಂದು ದಿಂಬು ತಂದಿಟ್ಟು ಪೂಜೆ ಮಾಡಿದ್ವಿ. ಉಳಿದಿದ್ದೆಲ್ಲ ಅದರ ಹಿಂದೆ ಬಂದಂಗೆ.”

ಹಾಲಸ್ವಾಮಿಗೆ ಜೀವ ಬಂತು. “ಅಮ್ಮಾ, ನಾನೂ ಜ್ಯೇಷ್ಠದಾಗೇ ಒಂದು ಪೇಜು ತಂದಿಟ್ಟೀನಿ!” ಅಪ್ಪಟ ಸುಳ್ಳು.

“ಮೊದ್ಲೇ ಹೇಳ್ಬಾರ್ದೇನೋ! ಹಾಕು ಪರ್ಮನೆಂಟು.”

ಗೆದ್ದ ಹುರುಪಿನಲ್ಲಿ ಲ್ಯಾಪ್‌ಟಾಪ್ ತೆರೆದ. ಪಾಸ್‌ವರ್ಡ್ ತಪ್ಪು ಎಂದಿತು. ಮೂರು ಸಲ ಹೊಡೆದರೂ ಅದೇ ರಾಗ.

“ಅದಾ?” ನಾಗರಾಜಪ್ಪ ತಣ್ಣಗೆ ಹೇಳಿದರು. “ಹರಿಹರದ ಮಳಿಗೆ ಈಗ ಎರ್ರಿಸ್ವಾಮಿ ಹಿಡ್ದಾನೆ. ಬಿಟ್ಟ ಜಾಗದ ಕೀಲಿ ಇಟ್ಕೋಬಾರ್ದು ಅಂದ್ಲು ಅವ್ವ. ಶಟರ್ ಕೀಲಿ ಜೊತೆ ಪಾಸ್‌ವರ್ಡ್ ಚೀಟೀನೂ ಎಲೆ-ಅಡಿಕೆ ಇಟ್ಟು ಕೊಟ್ಬಿಟ್ಟೆ.”

“ಎರಡೂ ಸೈಟಿಗೆ ಅದೊಂದೇ ಪಾಸ್‌ವರ್ಡ್ರೀ!” ಹಾಲಸ್ವಾಮಿ ಹರಿಹರಕ್ಕೆ ಫೋನು ಹಚ್ಚಿದ. “ಎರ್ರಿಸ್ವಾಮಿ, ನಾನು ವೆಬ್‌ಸೈಟ್ ಹಾಲಸ್ವಾಮಿ. ನಿನ್ನ ವ್ಯಾಪಾರ ಏನಪ್ಪಾ?”

“ಹಾಸಿಗೇನೇ ಅಣ್ಣಾ. ದಾವಣಗೆರೆ ಸೈಟಿಗೆ ಹೋದೋರೂ ಸೀದಾ ನನ್ನ ಹರಿಹರದ ಸೈಟಿಗೇ ಬರಂಗೆ, ಪಾಸ್‌ವರ್ಡೂ ಬದಲಿಸಿ, ಬೆಳಿಗ್ಗೇನೇ ಮಾಡೀನಿ.”

ಹಾಲಸ್ವಾಮಿ ಕೊನೆಯ ಆಸೆಯಿಂದ ಕೇಳಿದ. “ಟೆಂಪರರೀನಾ?”

“ಛೇ, ನಿಮ್ಮ ಯೂಟ್ಯೂಬ್ ವಿಡಿಯೋ ನೋಡೇ ಮಾಡಿದ್ದು. ಪರ್ಮನೆಂಟೇ ಹಾಕೀನಿ!”